ರಸೀದಿ ಇಲ್ಲದವರ ಪರವಾಗಿ ಒಂದು ಮಾತು

ಅಗ್ರಹಾರದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರು ಮಿಕ್ಸಿ ಹಾಕಿದರೆ ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತದೆ. ಅವರದ್ದೂ ತಪ್ಪಲ್ಲ, ನಮ್ಮದೂ ತಪ್ಪಲ್ಲ. ಗೋಡೆ ತೆಳು, ಅಷ್ಟೇ. ಮೊಬೈಲ್ ಇಂಟರ್ನೆಟ್ ಮತ್ತು ಉಪಗ್ರಹ ನ್ಯಾವಿಗೇಶನ್ ನಡುವಿನ ತಕರಾರೂ ಹೀಗೆಯೇ ಇದೆ.

ಈ ವಿಷಯದಲ್ಲಿ ನಮ್ಮ ಮನೆಯಲ್ಲೇ ಎರಡು ಪಕ್ಷ. ನನಗೆ ನೆಟ್ ಬೇಕು. ಅಕೌಂಟೆನ್ಸಿ ಪಾಠದ ವಿಡಿಯೋ ಮಧ್ಯದಲ್ಲಿ ನಿಂತರೆ ಇನ್ನೂ ನಾಲ್ಕು ಟವರ್ ಬರಲಿ ಅನ್ನಿಸುತ್ತದೆ. ಮಾಮುಗೆ ಮ್ಯಾಪ್ ಬೇಕು, ಅವರು ಟ್ಯಾಕ್ಸಿ ಓಡಿಸುತ್ತಾರೆ. ಒಂದು ದಿನ ಮ್ಯಾಪ್‌ನ ನೀಲಿ ಚುಕ್ಕೆ ಪಕ್ಕದ ರಸ್ತೆಗೆ ಹಾರಿ, ಗಿರಾಕಿ ಕಾದು ಕಾದು ಬುಕಿಂಗ್ ರದ್ದು ಮಾಡಿದರು. "ಎಲ್ಲಾ ಈ 5ಜಿ ಟವರಿಂದ" ಎಂದೆ ನಾನು. ಮರುದಿನ ಫಿಸಿಕ್ಸ್ ಸರ್ ಹತ್ತಿರ ಕೇಳಿದಾಗ ಅವರು ನಕ್ಕರು. ಇಕ್ಕಟ್ಟಾದ ಗಲ್ಲಿಗಳಲ್ಲಿ ಸಿಗ್ನಲ್ ಕಟ್ಟಡಗಳಿಗೆ ಬಡಿದು ಬರುತ್ತದೆ, ಟವರನ್ನು ಸುಮ್ಮನೆ ದೂರಬೇಡ ಎಂದರು. ಆದರೆ ನಿಜವಾದ ಚಿಂತೆ ಬೇರೆ ಇದೆ ಎಂದೂ ಹೇಳಿದರು. ಅದನ್ನೇ ಓದಿ ತಿಳಿದುಕೊಂಡೆ.

ನಮ್ಮ ದೇಶದ ನ್ಯಾವಿಗೇಶನ್ ವ್ಯವಸ್ಥೆಯ ಹೆಸರು ನ್ಯಾವಿಕ್. ಇದರ ಮೊದಲ ಉಪಗ್ರಹವನ್ನು ಇಸ್ರೋ ಹಾರಿಸಿದ್ದು 2013ರ ಜುಲೈ 1ರಂದು. ಇದರ ಕೇಂದ್ರ ದೂರವೇನಿಲ್ಲ, ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಷ್ಟು ದೂರದಿಂದ ಬರುವ ಸಿಗ್ನಲ್, ಗಿಜಿಗುಡುವ ದೇವರಾಜ ಮಾರುಕಟ್ಟೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಪಕ್ಕದಲ್ಲೇ ಮೈಕ್ ಹಾಕಿದರೆ ಕೇಳಿಸುವುದೆಲ್ಲಿ?

ನ್ಯಾವಿಕ್‌ನ ಒಂದು ಸಿಗ್ನಲ್ 2483.5ರಿಂದ 2500 ಮೆಗಾಹರ್ಟ್ಸ್ ನಡುವಿನ ಜಾಗದಲ್ಲಿದೆ. ಅದರ ಕೆಳಗಿನ ಮನೆ ವೈಫೈನದು. 2500ರಿಂದ ಮೇಲಿನ ಮನೆ ಮೊಬೈಲ್ ಬ್ರಾಡ್‌ಬ್ಯಾಂಡ್‌ನದು. ಥೇಟ್ ನಮ್ಮ ಅಗ್ರಹಾರದ ಮನೆಗಳ ಹಾಗೆ ಗೋಡೆಗೆ ಗೋಡೆ.

ಇಂಥ ನೆರೆಹೊರೆಯಲ್ಲಿ ನಿಯಮ ತಡವಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. ಅಲ್ಲಿ ಲೈಟ್‌ಸ್ಕ್ವೇರ್ಡ್ ಎಂಬ ಕಂಪನಿ ಜಿಪಿಎಸ್ ಪಕ್ಕದ ತರಂಗಗಳಲ್ಲಿ 4ಜಿ ಟವರ್ ಹಾಕಲು ಹೊರಟಿತು. 2011ರಲ್ಲಿ ಷರತ್ತಿನ ಒಪ್ಪಿಗೆಯೂ ಸಿಕ್ಕಿತು. ಪರೀಕ್ಷೆ ಮಾಡಿದಾಗ ಜಿಪಿಎಸ್ ರಿಸೀವರ್‌ಗಳಿಗೆ ತೊಂದರೆಯಾಗುವುದು ಕಂಡಿತು. 2012ರಲ್ಲಿ ಸರ್ಕಾರ ಹಿಂದೆ ಸರಿಯಿತು, ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕಂಪನಿಯದ್ದೇ ಪೂರ್ತಿ ತಪ್ಪು ಎನ್ನಲಾಗದು. ಪಕ್ಕದ ಮನೆ ಇಷ್ಟು ದಿನ ಮೌನವಾಗಿತ್ತೆಂದು ಎಷ್ಟೋ ರಿಸೀವರ್‌ಗಳಲ್ಲಿ ಒಳ್ಳೆಯ ಫಿಲ್ಟರ್ ಇರಲೇ ಇಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ನನಗೆ ಇದರಲ್ಲಿ ಕಾಣುವುದು ಲೆಕ್ಕದ ಸಮಸ್ಯೆ. ಹಣದಲ್ಲಿ ಅಳೆಯಲಾಗದ್ದು ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ ಎಂದು ಪ್ರಥಮ ಪಿಯುಸಿಯಲ್ಲೇ ಓದಿದ್ದೇವೆ. 2022ರ ತರಂಗಾಂತರ ಹರಾಜಿನಲ್ಲಿ ಸುಮಾರು 1.5 ಲಕ್ಷ ಕೋಟಿ ರೂಪಾಯಿಯ ಬಿಡ್ ಬಂತು. ಟೆಲಿಕಾಂ ಕಂಪನಿಗಳ ಕೈಯಲ್ಲಿ ರಸೀದಿ ಇದೆ. ನ್ಯಾವಿಗೇಶನ್ ಸಿಗ್ನಲ್ ಪುಕ್ಕಟೆ ಸಿಗುವುದರಿಂದ ಮಾಮು, ಮೀನುಗಾರರು, ಆಂಬುಲೆನ್ಸ್ ಚಾಲಕರು ಯಾರ ಬಳಿಯೂ ರಸೀದಿ ಇಲ್ಲ. ರಸೀದಿ ಇಲ್ಲದವರ ಪರವಾಗಿ ಮಾತಾಡುವವರು ಕಡಿಮೆ. ಇನ್ನೂ ತಮಾಷೆ ಎಂದರೆ, ಎಷ್ಟೋ ಟವರ್‌ಗಳು ತಮ್ಮ ಗಡಿಯಾರ ಸರಿಹೊಂದಿಸಿಕೊಳ್ಳುವುದು ಇದೇ ಉಪಗ್ರಹಗಳ ಸಮಯ ನೋಡಿ. ಆ ಪಿಸುಮಾತು ಕೇಳದಿದ್ದರೆ ನಷ್ಟ ಅವರಿಗೂ ಇದೆ.

ಹಾಗಂತ ಟವರ್ ಬೇಡ ಎನ್ನುವವನು ನಾನಲ್ಲ. ಸರ್ಕಾರ ಮನಸ್ಸು ಮಾಡಿದರೆ ಗೋಡೆ ದಪ್ಪ ಮಾಡಬಹುದು. ವಿಮಾನದ ಎತ್ತರ ಅಳೆಯುವ ಉಪಕರಣಕ್ಕೆ 5ಜಿಯಿಂದ ತೊಂದರೆ ಆಗಬಹುದೆಂದು 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಒಂದು ನಿಯಮ ಮಾಡಿತು. ರನ್‌ವೇಯ ಎರಡೂ ತುದಿಗಳಿಂದ 2,100 ಮೀಟರ್ ಒಳಗೆ ಆ ತರಂಗಗಳ ಟವರ್ ಹಾಕುವಂತಿಲ್ಲ ಎಂದು ಆಗ ಹೇಳಿತು. ವಿಮಾನಗಳ ಉಪಕರಣಕ್ಕೂ ಒಳ್ಳೆಯ ಫಿಲ್ಟರ್ ಬರಬೇಕು. ಅಂದರೆ ಇಬ್ಬರೂ ಸ್ವಲ್ಪ ಸ್ವಲ್ಪ ಸರಿದುಕೊಳ್ಳಬೇಕು.

ಅದೇ ಕ್ರಮ ನ್ಯಾವಿಕ್‌ಗೂ ಬರಲಿ. ಮೊದಲು ಪರೀಕ್ಷೆ, ಆಮೇಲೆ ಹರಾಜು. ನಡುವೆ ಎಷ್ಟು ಜಾಗ ಖಾಲಿ ಬಿಡಬೇಕು, ಟವರ್‌ನ ಶಕ್ತಿ ಎಷ್ಟಿರಬೇಕು ಎಂಬುದನ್ನು ಕಂಪನಿಗಳು ಹಣ ಹಾಕುವ ಮೊದಲೇ ಹೇಳಿಬಿಡಲಿ. ರಿಸೀವರ್ ಮಾರುವವರಿಗೂ ಫಿಲ್ಟರ್ ಕಡ್ಡಾಯವಾಗಲಿ.

ಮಾಮುಗೆ ಇದನ್ನೆಲ್ಲ ಹೇಳಿದೆ. "ನಿನ್ನ ನೆಟ್ ನಡೀಲಿ ಬೇಟಾ, ನನ್ನ ಗಾಡೀನೂ ನಡೀಲಿ" ಎಂದರು. ನಾನು ಕೇಳುತ್ತಿರುವುದೂ ಅಷ್ಟೇ.