ಸಾಲ ಇಲ್ಲಿ, ಲೈಸೆನ್ಸು ಅಲ್ಲಿ

ಈ ವಾರ ಬೈಲಹೊಂಗಲದಲ್ಲಿ ಪತ್ರಿಕೆಯೊಳಗೆ ಮಡಚಿ ಹಾಕಿದ್ದ ಕರಪತ್ರವೊಂದು ಕೈಗೆ ಬಂತು. ಹನ್ನೆರಡು ತಿಂಗಳಲ್ಲಿ ವಿದೇಶದಲ್ಲಿ ಪೈಲಟ್, ಬಂದ ಕೂಡಲೇ ನೌಕರಿ ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಬ್ಯಾಂಕ್ ಸಾಲ ಕೊಡಿಸುವ ಭರವಸೆ, ಒಂದು ಮೊಬೈಲ್ ನಂಬರು. ವಿದೇಶದಲ್ಲಿ ಸಿಕ್ಕ ಲೈಸೆನ್ಸಿನ ಮೇಲೆ ಇಲ್ಲಿನ ಕಂಪನಿಗಳಲ್ಲಿ ವಿಮಾನ ನಡೆಸಲು ಬರುವುದಿಲ್ಲ, ಅದನ್ನು ಭಾರತದ ಲೈಸೆನ್ಸಾಗಿ ಬದಲಿಸಿಕೊಳ್ಳಬೇಕು, ಬದಲಾಗುವವರೆಗೆ ಅಲ್ಲಿನದನ್ನೂ ಚಾಲ್ತಿಯಲ್ಲಿ ಇಟ್ಟುಕೊಂಡಿರಬೇಕು ಎಂಬ ಮಾತು ಹಿಂದೆ ಮುಂದೆ ತಿರುವಿ ನೋಡಿದರೂ ಒಂದು ಸಾಲಿನಷ್ಟೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟ ಸುದ್ದಿ ಎಲ್ಲರೂ ಓದಿದ್ದೇವೆ. ಆ ಸುದ್ದಿಯನ್ನೇ ಬಂಡವಾಳ ಮಾಡಿಕೊಂಡ ಏಜೆಂಟರು ಕಿತ್ತೂರು, ಸವದತ್ತಿ, ರಾಮದುರ್ಗಗಳ ಪಿಯು ವಿಜ್ಞಾನದ ಮಕ್ಕಳ ಮನೆ ಬಾಗಿಲಿಗೂ ಬಂದಿದ್ದಾರೆ.

ಹೋದ ತಿಂಗಳು ಸವದತ್ತಿ ತಾಲೂಕಿನ ಒಂದು ಮನೆಯಲ್ಲಿ ಕೂತಿದ್ದೆ. ಮಗ ಅಮೆರಿಕದಲ್ಲಿ ತರಬೇತಿ ಮುಗಿಸಿ ಬಂದಿದ್ದಾನೆ. ತಂದೆ ಒಕ್ಕಲುತನದವರು. "ಮಗಾ ಪೈಲಟ್ ಆಗಿ ಬಂದಾನಂತ ಊರ ತುಂಬ ಪೇಢೆ ಹಂಚೇನ್ರಿ. ಈಗ ನೋಡಿದ್ರ ಇನ್ನೂ ಪರೀಕ್ಷಾ ಬರೀಬೇಕು ಅಂತಾನ. ಅಲ್ಲಿ ಪಾಸಾದಾಂವ ಇಲ್ಲಿ ಮತ್ಯಾಕ ಪಾಸಾಗಬೇಕ್ರಿ?" ಎಂದು ಕೇಳಿದರು. ಹುಡುಗ ಒಳಗಿನಿಂದ ಲಾಗ್‌ಬುಕ್ ತಂದು ಮಂಚದ ಮೇಲೆ ಬಿಚ್ಚಿಟ್ಟ. ಪ್ರತಿ ಸಾಲಿಗೂ ತಾರೀಖು, ವಿಮಾನದ ನೋಂದಣಿ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಎಷ್ಟು ತಾಸು. 1.3, 0.9, 2.1 ಎಂದು ದಶಾಂಶದಲ್ಲಿ ಬರೆದ ತಾಸುಗಳು, ಪಕ್ಕದಲ್ಲಿ ಶಿಕ್ಷಕರ ಸಹಿ. ಲೈಸೆನ್ಸಿನ ಪ್ಲಾಸ್ಟಿಕ್ ಕಾರ್ಡನ್ನೂ ತೋರಿಸಿದ, ಬೆನ್ನಿಗೆ ರೈಟ್ ಸಹೋದರರ ಚಿತ್ರವಿತ್ತು. ತಂದೆ ಅದನ್ನು ತಿರುಗಿಸಿ ನೋಡಿ, "ಇದರ ಮ್ಯಾಲ ಮುಗಿಯೂ ತಾರೀಖನ ಇಲ್ಲಲ್ರಿ" ಎಂದರು.

ಜನ ಮೋಸ ಹೋಗುವುದು ಇಲ್ಲೇ. ಅಮೆರಿಕದ ಕಮರ್ಷಿಯಲ್ ಪೈಲಟ್ ಕಾರ್ಡಿಗೆ ಕೊನೆಯ ದಿನಾಂಕವಿಲ್ಲ, ನಿಜ. ಆದರೆ 24 ತಿಂಗಳಿಗೊಮ್ಮೆ ಶಿಕ್ಷಕರೊಬ್ಬರ ಜೊತೆ ಫ್ಲೈಟ್ ರಿವ್ಯೂ ಮಾಡಿಸದಿದ್ದರೆ ಆ ಕಾರ್ಡ್ ಹಿಡಿದು ವಿಮಾನ ಓಡಿಸುವ ಹಕ್ಕಿಲ್ಲ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕು. ಮೋಡದೊಳಗೆ ಉಪಕರಣ ನೋಡಿಕೊಂಡು ಹಾರುವ ಅರ್ಹತೆಗೆ ಆರು ತಿಂಗಳೊಳಗೆ, ಇಳಿಯಲು ನಿಲ್ದಾಣದತ್ತ ಸಾಗುವ ಆರು ಅಪ್ರೋಚ್‌ಗಳ ಲೆಕ್ಕ ತೋರಿಸಬೇಕು. ಮೆಡಿಕಲ್‌ಗೆ ಬೇರೆಯೇ ಅವಧಿ. ಸಾಲದ್ದಕ್ಕೆ ವಿದೇಶದ ವಿಳಾಸ ಕೊಟ್ಟವರೆಲ್ಲ ಅಮೆರಿಕದೊಳಗೆ ತಮ್ಮ ಪರವಾಗಿ ಸರ್ಕಾರಿ ಪತ್ರ ಪಡೆಯುವ ಒಬ್ಬ ಪ್ರತಿನಿಧಿಯನ್ನು ಹೆಸರಿಸಬೇಕೆಂಬ ನಿಯಮ ಬಂದಿದೆ. ಹಳೆಯ ಲೈಸೆನ್ಸುದಾರರಿಗೂ ಅದು 2025ರ ಜುಲೈ 7ರಿಂದ ಅನ್ವಯಿಸಿದೆ. ರಾಮದುರ್ಗದ ವಿಳಾಸವಷ್ಟೇ ಇರುವ ಹುಡುಗ ಇದನ್ನು ಮಾಡದಿದ್ದರೆ ಅವನ ಲೈಸೆನ್ಸು ಬಳಸಲು ಬರುವುದಿಲ್ಲ. ಇದನ್ನು ಯಾವ ಏಜೆಂಟ್ ಫೋನ್ ಮಾಡಿ ತಿಳಿಸಿದ್ದಾನೆ?

ಇನ್ನು ನಮ್ಮ ಕಡೆಯ ಲೆಕ್ಕ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಲೈಸೆನ್ಸು ಕೊಡಲು 200 ತಾಸು ಹಾರಾಟ ಕೇಳುತ್ತದೆ. ಅದರಲ್ಲಿ 100 ತಾಸು ತಾನೇ ಮುಖ್ಯ ಪೈಲಟ್ ಆಗಿ ಹಾರಿದ್ದಿರಬೇಕು. ಆ ನೂರರಲ್ಲಿ 15 ತಾಸು ಅರ್ಜಿ ಹಾಕುವ ದಿನದಿಂದ ಹಿಂದಿನ ಆರು ತಿಂಗಳೊಳಗಿನದೇ ಆಗಿರಬೇಕು. ನ್ಯಾವಿಗೇಶನ್, ಹವಾಮಾನ, ವಾಯು ನಿಯಮಗಳ ಪರೀಕ್ಷೆಯಲ್ಲಿ ನೂರಕ್ಕೆ 70 ಬರಬೇಕು. ರೇಡಿಯೊದಲ್ಲಿ ಮಾತಾಡುವ ಆರ್‌ಟಿಆರ್ ಪರೀಕ್ಷೆ ಬೇರೆ; ಅದು ಇತ್ತೀಚಿನವರೆಗೂ ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. ಪಿಯು ಅಂಕಪಟ್ಟಿ ಅಸಲಿಯೆಂದು ಮಂಡಳಿಯಿಂದ ಪತ್ರ, ಲೈಸೆನ್ಸು ಅಸಲಿಯೆಂದು ಅದನ್ನು ಕೊಟ್ಟ ದೇಶದಿಂದ ಪತ್ರ, ಕ್ಲಾಸ್ ಒನ್ ಮೆಡಿಕಲ್. ಇವೆಲ್ಲ ಮುಗಿಯುವಷ್ಟರಲ್ಲಿ ಆರು ತಿಂಗಳು ಯಾವಾಗಲೋ ದಾಟಿರುತ್ತದೆ. ಹುಡುಗ ಮತ್ತೆ ದುಡ್ಡು ಕಟ್ಟಿ ಹಾರಬೇಕು. ಸವದತ್ತಿಯ ಆ ಹುಡುಗನ ಲಾಗ್‌ಬುಕ್ಕಿನ ಕೊನೆಯ ಸಾಲು ಆಗಲೇ ಆರು ತಿಂಗಳಿಗಿಂತ ಹಳೆಯದಾಗಿತ್ತು.

ತಂದೆಯ ಪ್ರಶ್ನೆಗೆ ಉತ್ತರ 1944ರಷ್ಟು ಹಳೆಯದು. ಆ ವರ್ಷದ ಶಿಕಾಗೊ ಒಪ್ಪಂದದ 32ನೇ ವಿಧಿಯಲ್ಲಿ ಸ್ಪಷ್ಟವಾಗಿದೆ: ತನ್ನ ಪ್ರಜೆಗೆ ಬೇರೆ ದೇಶ ಕೊಟ್ಟ ಪೈಲಟ್ ಲೈಸೆನ್ಸನ್ನು ತನ್ನ ಆಕಾಶದಲ್ಲಿ ಒಪ್ಪದಿರುವ ಹಕ್ಕು ಪ್ರತಿ ದೇಶಕ್ಕೂ ಇದೆ. ಆ ಹಕ್ಕನ್ನು ಭಾರತ ಬಿಟ್ಟುಕೊಡಬೇಕೆಂದು ನಾನು ಹೇಳುವುದಿಲ್ಲ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸು ಪಡೆದ ಪೈಲಟ್‌ಗಳು ಸಿಕ್ಕಿಬಿದ್ದದ್ದು ನೆನಪಿದ್ದವರಾರೂ ಪರಿಶೀಲನೆ ಬೇಡ ಎನ್ನಲಾರರು. ನೂರಾರು ಜನರ ಜೀವ ಹೊತ್ತು ಹಾರುವವನ ಕೈ ಪಳಗಿರಬೇಕು, ನಿನ್ನೆ ಮೊನ್ನೆ ಹಾರಿದ ಕೈಯಾಗಿರಬೇಕು. 15 ತಾಸಿನ ನಿಯಮದ ಉದ್ದೇಶ ಸರಿಯಾಗಿಯೇ ಇದೆ.

ನನ್ನ ತಕರಾರು ಬೇರೆ. ಕಚೇರಿಯ ಮೇಜಿನ ಮೇಲೆ ಕಡತ ಮಲಗಿದ್ದ ದಿನಗಳನ್ನೂ ಹುಡುಗನ ಲೆಕ್ಕಕ್ಕೇ ಯಾಕೆ ಹಚ್ಚಬೇಕು? ವಿದೇಶದಿಂದ ಪತ್ರ ಬರಲು ತಡವಾದರೆ, ಪರೀಕ್ಷೆಯ ಸರದಿ ಮುಂದೆ ಹೋದರೆ, ಅದು ಅವನ ತಪ್ಪಲ್ಲ. ಅಷ್ಟು ದಿನಗಳನ್ನು ಆ ಆರು ತಿಂಗಳ ಲೆಕ್ಕಕ್ಕೆ ಹಿಡಿಯಬಾರದು. ಇಲ್ಲವೇ ಒಬ್ಬ ಪರೀಕ್ಷಕರನ್ನು ಜೊತೆಗೆ ಕೂರಿಸಿ ಹಾರಿಸಿ ನೋಡಿ, ಕೈ ಸರಿಯಿದ್ದರೆ ಮುಂದಕ್ಕೆ ಕಳಿಸಬೇಕು. 2023ರಲ್ಲಿ ಕಮರ್ಷಿಯಲ್ ಲೈಸೆನ್ಸಿನ ಅವಧಿಯನ್ನು ಐದು ವರ್ಷದಿಂದ ಹತ್ತಕ್ಕೆ ಏರಿಸಲು ಇದೇ ಸರ್ಕಾರಕ್ಕೆ ಸಾಧ್ಯವಾಯಿತು. ಲೈಸೆನ್ಸು ಇದ್ದವರಿಗೆ ತೋರಿದ ಅನುಕೂಲವನ್ನು ಅದರ ಬಾಗಿಲಲ್ಲಿ ನಿಂತವರಿಗೂ ತೋರಿಸಲಿ.

ಈ ಅಂಕಣ ಓದುವವರಿಗೆ ನನ್ನ ಹಳೆಯ ಮಾತು ಗೊತ್ತಿದೆ, ಮತ್ತೆ ಹೇಳುತ್ತೇನೆ: ಮಕ್ಕಳ ಓದಿಗೆ ಎರಿ ಹೊಲ ಮಾರಬೇಡಿ. ಮೊದಲು ಎಂಜಿನಿಯರಿಂಗ್ ಸೀಟಿಗೆ ಮಾರಿದರು. ಆಮೇಲೆ ಉಕ್ರೇನ್, ಚೀನಾ, ಫಿಲಿಪ್ಪೀನ್ಸ್‌ನ ಎಂಬಿಬಿಎಸ್‌ಗೆ ಮಾರಿದರು. ಅಲ್ಲಿಂದ ಪದವಿ ತಂದವರು ಇಲ್ಲಿ ಇನ್ನೊಂದು ಅರ್ಹತಾ ಪರೀಕ್ಷೆ ಪಾಸಾಗದೆ ಸ್ಟೆತಸ್ಕೋಪ್ ಹಿಡಿಯುವಂತಿಲ್ಲ ಎಂಬುದು ಬಹಳ ಮನೆಗಳಿಗೆ ತಿಳಿದದ್ದು ದುಡ್ಡು ಕಟ್ಟಿದ ಮೇಲೆ. ಈಗ ಅದೇ ಆಟ ಆಕಾಶಕ್ಕೆ ಏರಿದೆ. ಮಲಪ್ರಭೆಯ ನೀರು ಹರಿದ ಹೊಲ ಒಮ್ಮೆ ಕೈಬಿಟ್ಟರೆ ಮೂರು ತಲೆಮಾರು ದುಡಿದರೂ ತಿರುಗಿ ಬರುವುದಿಲ್ಲ.

ಹಾಗೆಂದು ನಮ್ಮ ಮಕ್ಕಳು ಹಾರಬಾರದೆಂದು ನನ್ನ ಮಾತಲ್ಲ. ಚೆನ್ನಮ್ಮನ, ರಾಯಣ್ಣನ ನೆಲದ ಮಕ್ಕಳು ಧೈರ್ಯಕ್ಕೆ ಹಿಂದೆ ಬಿದ್ದವರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಕಟ್ಟಿದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಬೈಲಹೊಂಗಲದಿಂದ ತಾಸಿನ ದಾರಿ. 2021ರಲ್ಲಿ ಕೇಂದ್ರ ಸರ್ಕಾರ ಹೊಸ ಹಾರಾಟ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೂ ಇತ್ತು, ಕಲಬುರಗಿಯೂ ಇತ್ತು. 2023ರ ಮೇ ತಿಂಗಳಲ್ಲಿ ತರಬೇತಿ ವಿಮಾನವೊಂದು ಸಾಂಬ್ರಾ ಹತ್ತಿರದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿದಾಗ ಸುತ್ತಲಿನ ಊರವರೆಲ್ಲ ನೋಡಲು ಓಡಿದ್ದರು. ಅಷ್ಟು ಹತ್ತಿರದಲ್ಲಿದೆ ಹಾರಾಟದ ಶಾಲೆ. ಮಳೆಗಾಲದಲ್ಲಿ ಹಾರಾಟ ನಿಲ್ಲುತ್ತದೆ, ತಾಸು ತುಂಬಲು ತಡವಾಗುತ್ತದೆ ಎಂಬುದು ನಿಜವೇ. ಆದರೆ ಇಲ್ಲಿ ತುಂಬಿದ ತಾಸಿಗೆ ಬೇರೆ ದೇಶದ ದೃಢೀಕರಣ ಬೇಕಿಲ್ಲ, ಎರಡು ದೇಶದ ಲೈಸೆನ್ಸನ್ನು ಒಟ್ಟಿಗೆ ಸಾಕಬೇಕಿಲ್ಲ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಬೈಲಹೊಂಗಲದಲ್ಲೋ ಸವದತ್ತಿಯಲ್ಲೋ ಒಂದು ದಿನ ಪಾಲಕರನ್ನು ಕೂಡಿಸಿ, ಇದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿಸಬಹುದು. ಇದುವರೆಗೆ ಆ ಕೆಲಸ ಏಜೆಂಟರ ಪಾಲಾಗಿದೆ.

ಈಗಾಗಲೇ ಹೋಗಿ ಬಂದ ಮಕ್ಕಳಿಗೆ ಒಂದು ಮಾತು. ಭಾರತದ ಲೈಸೆನ್ಸು ಕೈಗೆ ಬರುವವರೆಗೆ ಅಲ್ಲಿನದನ್ನು ಸಾಯಲು ಬಿಡಬೇಡಿ. ರಿವ್ಯೂ, ಮೆಡಿಕಲ್, ವಿಳಾಸ, ಮೂರರ ತಾರೀಖನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೋಗಬೇಕೆಂದಿರುವವರು ಇಲ್ಲಿನ ಕ್ಲಾಸ್ ಒನ್ ಮೆಡಿಕಲ್ ಮಾಡಿಸಿಕೊಂಡು, ಆದಷ್ಟೂ ಇಲ್ಲಿನ ವಿಷಯಗಳ ಪರೀಕ್ಷೆ ಪಾಸಾಗಿ ಆಮೇಲೆ ವಿಮಾನ ಹತ್ತಿ. ವೈದ್ಯರು ಆಗುವುದಿಲ್ಲ ಎಂದರೆ ಆ ಮಾತು ದುಡ್ಡು ಕಟ್ಟುವ ಮೊದಲೇ ತಿಳಿಯಲಿ.

ತಂದೆ ತಾಯಂದಿರೇ, ಹೊಲದ ಉತಾರ ಬ್ಯಾಂಕಿನ ಮೇಜಿನ ಮೇಲೆ ಇಡುವ ಮೊದಲು ಏಜೆಂಟನಿಗೆ ಕೇಳಿ: ತಿರುಗಿ ಬಂದ ಮೇಲೆ ಇನ್ನೆಷ್ಟು ತಿಂಗಳು, ಇನ್ನೆಷ್ಟು ಲಕ್ಷ, ಅಷ್ಟು ದಿನ ಅಲ್ಲಿನ ಲೈಸೆನ್ಸನ್ನು ಚಾಲ್ತಿಯಲ್ಲಿಡುವ ಖರ್ಚು ಯಾರದ್ದು? ಉತ್ತರವನ್ನು ಬರೆದು ಸಹಿ ಮಾಡಿ ಕೊಡದವನ ಕೈಗೆ ಒಂದು ರೂಪಾಯಿಯನ್ನೂ ಇಡಬೇಡಿ.