ಹೊಂಡದ ಲೋಳೆ ಉಜ್ಜಬೇಡಿ, ಬಾಟಲಿ ಬ್ಯಾಕ್ಟೀರಿಯಾ ಕೊಳ್ಳಬೇಡಿ

ಕೃಷಿ ಭಾಗ್ಯದಲ್ಲಿ ಹೊಂಡ ತೆಗೆಸಿ ಟಾರ್ಪಾಲ್ ಹಾಸಿ, ಈಗ ಅದರಲ್ಲೇ ಕಾಟ್ಲಾ, ರೋಹು, ಗೆಂಡೆ ಬಿಟ್ಟವರು ನಮ್ಮ ಗುಂಡ್ಲುಪೇಟೆ, ಚಾಮರಾಜನಗರ ಕಡೆ ಇದ್ದಾರೆ. ಒಳ್ಳೇದೇ. ಬೇಸಿಗೇಲಿ ನೀರು ಇಳಿದು ಮೀನು ತಿಂಡಿ ಬಿಟ್ಟ ಕೂಡಲೇ "ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ" ಅಂತ ಪುಡಿ, ಬಾಟಲಿ ಮಾರೋರು ಬರ್ತಾರೆ. ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ಆಮೇಲೆ ನೀವೇ ಲೆಕ್ಕ ಹಾಕ್ಕೊಳ್ಳಿ.

ಮೊದಲು ಈ ಸಾರಜನಕ ಎಲ್ಲಿಂದ ಬಂತು? ನಾವೇ ಹಾಕಿದ್ದು ಕಣ್ರಪ್ಪ. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮಸಮ ಕಲಸಿದರೆ ಪ್ರೋಟೀನು ಸುಮಾರು ನೂರಕ್ಕೆ 28. ಪ್ರೋಟೀನಿನಲ್ಲಿ ನೂರಕ್ಕೆ 16 ಸಾರಜನಕ. ಅದರಲ್ಲಿ ಮೀನಿನ ಮೈಗೆ ಹತ್ತೋದು ಕಾಲು ಭಾಗದಿಂದ ಮೂರನೇ ಒಂದು ಭಾಗ. ಮಿಕ್ಕಿದ್ದು ಕಿವಿರಿನಿಂದ ಅಮೋನಿಯಾ ಆಗಿ, ಹಿಕ್ಕೆ ಆಗಿ ನೀರಿಗೇ. ಅಂದರೆ 10 ಕೆಜಿ ತಿಂಡಿ ಹಾಕಿದ್ರೆ ಹೆಚ್ಚೂಕಡಿಮೆ ಮುಕ್ಕಾಲು ಕೆಜಿ ಯೂರಿಯಾ ಹೊಂಡಕ್ಕೆ ಸುರಿದಷ್ಟು ಆಯ್ತು. ತಿಂಡಿ ಕಮ್ಮಿ ಮಾಡದೆ ಯಾವ ಬಾಟಲಿ ತಂದರೂ ಪ್ರಯೋಜನ ಇಲ್ಲ.

ಈ ಅಮೋನಿಯಾನ ಕರಗಿಸೋ ಬ್ಯಾಕ್ಟೀರಿಯಾ ನೀರು, ಮಣ್ಣು ಎಲ್ಲ ಕಡೆ ತಾನಾಗೇ ಇರ್ತದೆ. ಒಂದು ಜಾತಿ ಅಮೋನಿಯಾನ ನೈಟ್ರೈಟ್ ಮಾಡ್ತದೆ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತದೆ. ಇವು ಬಹಳ ನಿಧಾನ. ಹೊಸ ಹೊಂಡದಲ್ಲಿ ನೆಲೆಯೂರಕ್ಕೆ ನಾಲ್ಕಾರು ವಾರ ಬೇಕು. ನೀರಲ್ಲಿ ತೇಲೋದಕ್ಕಿಂತ ಏನಾದ್ರೂ ಹಿಡ್ಕೊಂಡು ಕೂತ್ಕೊಳ್ಳೋದು ಇವಕ್ಕೆ ಇಷ್ಟ. ಟಾರ್ಪಾಲ್ ಮೇಲೆ ಜಾರುತ್ತಲ್ಲ, ಆ ಲೋಳೆಯೇ ಅವುಗಳ ಮನೆ. ನಮ್ಮೋರು ಪೊರಕೆ ತಗೊಂಡು ಅದನ್ನೇ ಉಜ್ಜಿ ಶುದ್ಧ ಮಾಡ್ತಾರೆ! ಪಾಚಿ ಅಂತ ಮೈಲುತುತ್ತು ಸುರಿಯೋರೂ ಇದ್ದಾರೆ. ಅದು ಪಾಚಿ ಜೊತೆ ಬ್ಯಾಕ್ಟೀರಿಯಾಕ್ಕೂ ವಿಷ.

ಪುಡಿಯಲ್ಲಿ ಬರೋದು ಹೆಚ್ಚಾಗಿ ಬೇರೆ ಜಾತಿ, ಬ್ಯಾಸಿಲಸ್ ಅಂತ. ಅದು ಕೆಸರು ಕೊಳೆಸಬಹುದು. ಅಮೋನಿಯಾ ಬದಲಾಯಿಸೋ ಜಾತಿಗೆ ಒಣಗಿ ಪ್ಯಾಕೆಟ್‌ನಲ್ಲಿ ತಿಂಗಳಾನುಗಟ್ಟಲೆ ಬದುಕೋ ಗುಣ ಇಲ್ಲ. ಅಮೆರಿಕದಲ್ಲಿ ಕ್ಲಾಡ್ ಬಾಯ್ಡ್ ಅನ್ನೋ ವಿಜ್ಞಾನಿ ಮತ್ತು ಜೊತೆಯವರು 1984ರಲ್ಲೇ ಮೀನು ಕೊಳಗಳಿಗೆ ಅಂಗಡಿ ಬ್ಯಾಕ್ಟೀರಿಯಾ ಹಾಕಿ ನೋಡಿ, ನೀರಿನ ಗುಣ ಸುಧಾರಿಸಲಿಲ್ಲ ಅಂತ ಬರೆದಿದ್ದಾರೆ.

ನಮ್ಮ ರಾಜ್ಯದ್ದೇ ಕೆಲಸ ಇದೆ ನೋಡಿ. ಮಂಗಳೂರಿನ ಮೀನುಗಾರಿಕೆ ಕಾಲೇಜಿನೋರು ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಒಣಗಿದ ಅಂತರಗಂಗೆ ನೀರಲ್ಲಿಟ್ಟು ರೋಹು, ಸಾಮಾನ್ಯ ಗೆಂಡೆ ಬೆಳೆಸಿ 1999ರಲ್ಲಿ ಪ್ರಕಟಿಸಿದರು. ಅವುಗಳ ಮೇಲೆ ಕೂತ ಬ್ಯಾಕ್ಟೀರಿಯಾ ಪದರವನ್ನೇ ಮೀನು ಮೇಯ್ದು ಚೆನ್ನಾಗಿ ಬೆಳೀತು. ಮೂರರಲ್ಲಿ ಮುಂದೆ ಬಂದಿದ್ದು ಕಬ್ಬಿನ ಸಿಪ್ಪೆ. ಆಲೆಮನೆಯಲ್ಲಿ ಸಿಗೋ ವಸ್ತು ಅದು. ನಾನು ಸಿಪ್ಪೇನ ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಕಂತೆ ಕಟ್ಟಿ, ಹಗ್ಗದಲ್ಲಿ ಇಳಿ ಬಿಡ್ತೀನಿ. ಒಮ್ಮೆಗೇ ಹತ್ತಾರು ಕಂತೆ ಬೇಡ, ಕೊಳೆಯುವಾಗ ಆಮ್ಲಜನಕ ಎಳ್ಕೊಳ್ತದೆ. ಈ ಬ್ಯಾಕ್ಟೀರಿಯಾಕ್ಕೂ ಗಾಳಿ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ನಾಲ್ಕೂವರೆ ಗ್ರಾಂ ಆಮ್ಲಜನಕ ತಿಂತದೆ. ಬೋರ್ ನೀರನ್ನ ಎತ್ತರದಿಂದ ಧುಮುಕಿಸಿ ಬುಡಿ, ಎರಡೂ ಕೆಲಸ ಆಯ್ತು.

ಸುಣ್ಣದ ಬಗ್ಗೆ ಒಂದು ಮಾತು. ಮೀನು ಸುಸ್ತಾದಾಗ ಸುಟ್ಟ ಸುಣ್ಣ ಎರಚೋದು ತೀರಾ ಅಪಾಯ. ನೀರಿನ ಪಿಎಚ್ 7 ಇದ್ದಾಗ ವಿಷದ ಅಮೋನಿಯಾ ನೂರಕ್ಕೆ ಒಂದೂ ಇರಲ್ಲ. ಪಿಎಚ್ 9 ಆದ್ರೆ ಮೂರನೇ ಒಂದು ಪಾಲು ದಾಟ್ತದೆ. ನೀರು ದಟ್ಟ ಹಸಿರಾಗಿದ್ದರೆ ಮಧ್ಯಾಹ್ನ ಪಿಎಚ್ ತಾನಾಗೇ ಏರ್ತದೆ. ಬೆಳಗ್ಗೆ ಮೇಲೆ ಬಂದು ಬಾಯಿ ಬಿಡೋದು ಸಾಮಾನ್ಯವಾಗಿ ಆಮ್ಲಜನಕದ ಕೊರತೆ. ಎರಡನ್ನೂ ಒಂದೇ ಅಂದ್ಕೋಬೇಡಿ.

ಕೊನೇ ಹಂತ ನೈಟ್ರೇಟ್. ಮಣ್ಣಿನ ಕೆರೆಯಲ್ಲಾದ್ರೆ ಗಾಳಿ ಇಲ್ಲದ ಕೆಸರಲ್ಲಿ ಇನ್ನೊಂದು ಬ್ಯಾಕ್ಟೀರಿಯಾ ಅದನ್ನ ಸಾರಜನಕ ಅನಿಲ ಮಾಡಿ ಮೇಲಕ್ಕೆ ಕಳಿಸ್ತದೆ. ಟಾರ್ಪಾಲ್ ಹೊಂಡದಲ್ಲಿ ಕೆಸರು ಕಮ್ಮಿ, ಆ ಕೆಲಸ ಪೂರ್ತಿ ಆಗಲ್ಲ. ಅದಕ್ಕೇ ತಳದ ನೀರನ್ನ ಆಗಾಗ ಎತ್ತಿ ಅರಿಶಿನಕ್ಕೋ ಬಾಳೆಗೋ ಬಿಡಬೇಕು. ಡ್ರಿಪ್‌ಗೆ ಕೊಟ್ಟರೆ ಕಟ್ಕೊಳ್ತದೆ, ಸಾಲಿಗೆ ಪೈಪಲ್ಲೇ ಹಾಯಿಸಿ. ಆ ವಾರದ ಯೂರಿಯಾ ಅಷ್ಟು ಕಮ್ಮಿ ಹಾಕಿದ್ರೆ ಸಾಕು.