ಗೆದ್ದವರ ಖರ್ಚು

ಅಪ್ಪನ ಸೈಟು ತಮ್ಮದೆಂದು ಪಕ್ಕದವರು ಹಾಕಿದ್ದ ದಾವೆ ಒಂಬತ್ತು ವರ್ಷದ ಮೇಲೆ ಖರ್ಚು ಸಮೇತ ವಜಾ ಆಯ್ತು. ಸಿಹಿ ಹಂಚಿದ್ವಿ. ಆಮೇಲೆ ಡಿಕ್ರಿ ನೋಡಿದರೆ, ವಕೀಲರ ಫೀಸು ಅಂತ ಹಾಕಿದ್ದು ನಾವು ಕೊಟ್ಟಿದ್ದರ ಹತ್ತನೇ ಒಂದು ಪಾಲೂ ಇಲ್ಲ!

"ರಸೀದಿ ಇದೆಯಲ್ಲ ಸಾರ್, ಪೂರ್ತಿ ಕೇಳೋಣ" ಅಂದೆ.

ವಕೀಲರು ಬಿಡಿಸಿ ಹೇಳಿದರು. ನಿಜವಾದ ಖರ್ಚು ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಆದರೆ ನಿಯಮ ಬದಲಾಗದೆ ಫೀಸಿನ ಪಟ್ಟಿ ಮೀರುವಂತಿಲ್ಲ ಎಂದು 2011ರಲ್ಲಿ ಅದೇ ಕೋರ್ಟ್ ಹೇಳಿತು. ದಾವೆ ಸುಳ್ಳೆಂದು ತೀರ್ಮಾನವಾದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 35ಎ ಪ್ರಕಾರ ಸಿಗುವ ಪರಿಹಾರ ಹೆಚ್ಚೆಂದರೆ 3,000 ರೂಪಾಯಿ. ವಾಸ್ತವ ಫೀಸು ಕೇಳುವ ದಾರಿಯನ್ನು 2015ರ ಕಾಯ್ದೆ ತೆರೆದದ್ದು ವಾಣಿಜ್ಯ ವ್ಯಾಜ್ಯಗಳಿಗೆ.

ಅಪ್ಪ ರಸೀದಿಗಳನ್ನು ಟ್ರಂಕಿಗೆ ಹಾಕಿ, "ಸೈಟು ಉಳೀತಲ್ಲ, ಬಿಡು" ಅಂದರು. ನನಗೆ ಬಿಡೋಕಾಗ್ತಿಲ್ಲ. ಸುಳ್ಳು ಕೇಸು ಹಾಕೋದು ಇಷ್ಟು ಅಗ್ಗವಾದರೆ ಯಾರು ತಾನೇ ಹಿಂಜರೀತಾರೆ?